ನವೆ

ಊಟಿ ಬಸ್ಸು ಕಲ್ಲಟ್ಟಿ ಘಾಟಿ ಹತ್ತತೊಡಗುವ ಮೊದಲೇ ಸುನೀತಾಳ ನವೆ ಎದ್ದು ಕೂತಿತ್ತು. ಅದಕ್ಕೆ ಹೊತ್ತುಗೊತ್ತಿಲ್ಲ. ಮಸಿನಗುಡಿಯ ಬಸ್‌ಸ್ಟ್ಯಾಂಡಿನ ಎದುರಿಗಿರುವ ತಮ್ಮ ಮೆಸ್ಸಿನ ಗಲ್ಲಾದಲ್ಲಿ ಅವಳು ಕೂತಿರುವಾಗ, ಜೀಪು ಡ್ರೈವರುಗಳು ಉಂಡು ಕೈತೊಳೆದು ಬಂದು 'ಏನಕ್ಕಾ, ಇವತ್ತು ಸಾರು ಜೋರು' ಎಂದು ಮುಖ ನೋಡಿ ನಗುವಾಗ, ಸರಿಯಾಗಿ ಆಗಲೇ, ಯಾರೋ ಸಣ್ಣ ಕೆಂಡವಿಟ್ಟು ಊದಿದ ಹಾಗೆ ಕೆಳಗೆ ಶುರುವಾಗುತ್ತಿತ್ತು. ಆಗ ಅವಳೂ ನಗಬೇಕು. ನಗುತ್ತಲೇ ಕುರ್ಚಿಯ ಅಂಚಿಗೆ ಸರಿಯಬೇಕು. ಕೆಳಗೆ. ಆ ಜಾಗಕ್ಕೆ ಅವಳ ಬಳಿ ಇದ್ದ ಹೆಸರು ಅಷ್ಟೇ. ಅವ್ವ ಕಲಿಸಿದ್ದೂ ಅಷ್ಟೇ. ಶಾಲೆಯಲ್ಲಿ ಕಲಿತ ತಮಿಳಿನಲ್ಲೂ ಅದಕ್ಕೊಂದು ಹೆಸರು ಸಿಕ್ಕಿರಲಿಲ್ಲ. ಹೆಸರು ಇದ್ದದ್ದು ಬೈಗುಳದಲ್ಲಿ, ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದುಕೊಂಡ ಕುಡುಕರ ಬಾಯಲ್ಲಿ. ಹೆಸರೇ ಇಲ್ಲದ ಕಡೆ ಕಾಯಿಲೆ ಬಂದರೆ ಎಲ್ಲಿ ಎಂದು ಹೇಳುವುದು? ಬಸ್ಸಿನಲ್ಲಿ ಅವಳು ಬಲಗಾಲನ್ನು ಎಡಗಾಲಿನ ಮೇಲೆ ಹಾಕಿ ಒತ್ತಿಕೊಂಡಳು. ಪಕ್ಕದಲ್ಲಿ ಕಿಟಕಿಗೆ ಆತು ಕೂತಿದ್ದ ತಮ್ಮನ ಹೆಂಡತಿ ಮಾದೇವಿ ಹೊರಗಿನ ಲಂಟಾನ ಪೊದೆಗಳನ್ನು ನೋಡುತ್ತಿರುವಂತೆ ತೋರಿಸಿಕೊಳ್ಳುತ್ತ ಇವಳ ಕಾಲನ್ನೇ ನೋಡುತ್ತಿದ್ದಳು.

ಮಾದೇವಿಯನ್ನು ಜೊತೆಗೆ ಕಳಿಸಿದ್ದು ತಮ್ಮ ನಂಜುಂಡೇಶ. ಬೆಳಿಗ್ಗೆ ಸುನೀತಾ ಸೀರೆಯುಟ್ಟು ಹೊರಟು ನಿಂತಾಗ ಅವನು ನೀರಿನ ಡ್ರಮ್ಮನ್ನು ನೋಡುತ್ತ, 'ಒಬ್ಳೇ ಯಾಕೆ? ಇವ್ಳೂ ಬರ್ಲಿ. ಡಾಕ್ಟ್ರು ಏನ್ ಹೇಳ್ತಾರೋ ಇವ್ಳೂ ಕೇಳ್ಕೊಳ್ಲಿ' ಅಂದಿದ್ದ. ಅಕ್ಕನ ಮುಖ ನೋಡಿ ಅವನು ಮಾತಾಡಿ ವಾರಗಳೇ ಆಗಿದ್ದವು. ಹಿತ್ತಲ ತಂತಿಯ ಮೇಲೆ ಟವಲಿನಡಿ ಮುಚ್ಚಿ ಒಣಹಾಕಿದ್ದ ಅವಳ ಒಳಬಟ್ಟೆಯನ್ನು ಮಾದೇವಿ ಎತ್ತಿ ನೋಡಿದ ದಿನದಿಂದ ಹೀಗೆ. ಏನು ನೋಡಿದಳೋ, ಗಂಡನಿಗೆ ಏನು ಹೇಳಿದಳೋ, ಮರುದಿನದಿಂದ ಸುನೀತಾ ಬಡಿಸಿದ ಅನ್ನವನ್ನು ತಮ್ಮ ಹಾಗೇ ಬಿಟ್ಟು ಏಳುತ್ತಿದ್ದ. ದೋಸೆಹಿಟ್ಟಿಗೆ ಅವಳು ಕೈಹಾಕಲು ಹೋದರೆ ಮಾದೇವಿ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡು, 'ನಾ ಕಲಸ್ತೀನಿ ಬುಡಿ ಅಕ್ಕ, ನಿಮ್ಗ್ಯಾಕೆ ಶ್ರಮ' ಅನ್ನುತ್ತಿದ್ದಳು. ಶ್ರಮವಂತೆ. ಅಪ್ಪ ರಾಚಯ್ಯ ಗುಂಡ್ಲುಪೇಟೆ ಕಡೆಯಿಂದ ಬಂದು ಈ ಮೆಸ್ಸು ತೆರೆದಾಗಿನಿಂದ ಆ ಹಿಟ್ಟನ್ನು ಕಲಸಿದ್ದು ಇದೇ ಕೈ. ಮದುವೆಯ ವಯಸ್ಸು ಈ ಒಲೆಯ ಮುಂದೆಯೇ ಕಳೆದುಹೋದದ್ದಕ್ಕೆ ಯಾರೂ ಮರುಗಿರಲಿಲ್ಲ; ಈಗ ಮದುವೆಯಾಗದ ಹೆಣ್ಣಿಗೆ ಬರಬಾರದ ಕಡೆ ಬರಬಾರದ್ದು ಬಂದದ್ದಕ್ಕೆ ಮನೆಮಂದಿಯೆಲ್ಲ ಮೂಗಿನ ಮೇಲೆ ಬೆರಳಿಟ್ಟಿದ್ದರು. ಅವ್ವ ಲಿಂಗಾಜಮ್ಮ ಮಾತ್ರ ಬೆರಳಿಡಲಿಲ್ಲ, ಮಾತನ್ನೂ ಆಡಲಿಲ್ಲ. ಹೊರಡುವಾಗ ಹಣೆಗೆ ವಿಭೂತಿ ಹಚ್ಚಿ, ಮಗಳ ಕಣ್ಣಲ್ಲಿ ಕಣ್ಣಿಡದೆ ಒಳಗೆ ಹೋಗಿದ್ದಳು.

ಮೇಲೆ ಹೋದಂತೆ ಗಾಳಿ ತಣ್ಣಗಾಯಿತು. ಮಾದೇವಿ ಕಿಟಕಿಯ ಶಟರ್ ಎಳೆದಳು. ತಿರುವಿನಲ್ಲಿ ಬಸ್ಸು ಹೊರಳಿದಾಗ ಸುನೀತಾಳ ಭುಜ ಮಾದೇವಿಯ ಭುಜಕ್ಕೆ ತಾಗಿ, ಮಾದೇವಿ ಕೊಂಚ ಸರಿದುಕೊಂಡಳು. ಸುರೇಂದ್ರನ್ ಕೂಡ ಹೀಗೇ ಸರಿದುಕೊಂಡಿದ್ದ. ಪಂದಲೂರಿನಲ್ಲಿ, ಅವನ ಅಕ್ಕ ಬೀಗ ಹಾಕಿ ಹೋಗಿದ್ದ ಮನೆಯಲ್ಲಿ, ಪ್ಲಾಸ್ಟಿಕ್ ಚಾಪೆಯ ಮೇಲೆ. ಅವನು ತರಕಾರಿ ಪಿಕಪ್ ಓಡಿಸುತ್ತಿದ್ದ. ಮೆಸ್ಸಿನಲ್ಲಿ ಉಣ್ಣಲು ಬರುತ್ತಿದ್ದವನು, ಹೆಂಡತಿ ಬಿಟ್ಟುಹೋದವನು, ಮೊದಮೊದಲು ಮುದ್ದೆ ಮುರಿಯಲು ಬಾರದೆ ಅವಳ ಕೈಲಿ ಹೇಳಿಸಿಕೊಂಡವನು. ಆ ಮನೆಯ ಅಡುಗೆಕೋಣೆಯಲ್ಲಿ ಅವನು ಮೀನು ಸಾರು ಮಾಡುತ್ತಿದ್ದ. ಲಿಂಗ ಕಟ್ಟಿದ ಮನೆಯ ಅವಳು ಬಾಗಿಲಿಗೊರಗಿ ಸೆರಗನ್ನು ಮೂಗಿಗೆ ಹಿಡಿದು ನಿಲ್ಲುತ್ತಿದ್ದಳು. ಬರಬರುತ್ತ ಸೆರಗು ಕೆಳಗಿಳಿದಿತ್ತು. ನವೆ ಶುರುವಾದಾಗ ಅವಳು ಹೇಳಿದ್ದು ಅವನೊಬ್ಬನಿಗೇ. ಹೇಳುವ ಮುಂಚೆ ಎಷ್ಟೋ ದಿನ ಅವನ ಮೇಲೆ ಅನುಮಾನಪಟ್ಟಿದ್ದಳು. ಅವನು ನಿದ್ದೆ ಹೋದಾಗ ಅವನ ಅಂಗಿಯನ್ನು ಮೂಸಿ ಬೇರೆ ಹೆಣ್ಣಿನ ವಾಸನೆ ಹುಡುಕಿದ್ದಳು. ಅದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೆ ಅವನು ಒಂದು ಕ್ಷಣವೂ ಯೋಚಿಸಲಿಲ್ಲ. 'ನನಗೇನೂ ಇಲ್ಲ. ನನ್ನಿಂದ ಅಲ್ಲ' ಎಂದು ಎದ್ದು ಕೂತು, ಅಂಗಿ ಹಾಕಿಕೊಂಡು, ಗುಂಡಿಗಳನ್ನು ನಿಧಾನವಾಗಿ ಹಾಕುತ್ತ, 'ಮೆಸ್ಸಿಗೆ ಎಷ್ಟೋ ಜನ ಬರ್ತಾರೆ' ಎಂದ. ಆಮೇಲೆ ಅವನ ಪಿಕಪ್ ಮೆಸ್ಸಿನ ಮುಂದೆ ನಿಲ್ಲದೆ ಹೋಗತೊಡಗಿತು. ಮನೆಯವರಿಗೆ ಅವಳ ಮೇಲೆ ಒಬ್ಬ ಗಂಡಸಿನ ಅನುಮಾನ. ಆ ಗಂಡಸಿಗೆ ಇನ್ನೊಬ್ಬ ಗಂಡಸಿನ ಅನುಮಾನ. ಇದನ್ನು ನೆನೆದು ಬಸ್ಸಿನಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು. ಮಾದೇವಿ ಬೆಚ್ಚಿ ತಿರುಗಿದಳು. 'ಏನಕ್ಕ?' 'ಏನಿಲ್ಲ. ತಲೆ ಸುತ್ತಿದ್ರೆ ಹೇಳು, ನಿಂಬೆಹಣ್ಣು ಐತೆ.'

ಊಟಿಯಲ್ಲಿ ಸೋನೆ ಹಿಡಿದಿತ್ತು. ಕ್ಲಿನಿಕ್ಕು ಒಂದು ಏರುಗಲ್ಲಿಯ ತುದಿಯಲ್ಲಿ, ಸ್ವೆಟರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ನಡುವಣ ಹಜಾರದ ಬೆಂಚಿನ ಮೇಲೆ ಹೊದ್ದು ಕೂತ ಹೆಂಗಸರು, ಒಬ್ಬಳ ಜೊತೆಗೆ ಬಂದ ಮುದುಕ. ನರ್ಸು ತಂಗಮಣಿ ಕುರ್ಚಿಯಿಂದಲೇ ತಮಿಳಿನಲ್ಲಿ ಕೂಗಿ ಕೇಳಿದಳು: 'ಏನು ತೊಂದರೆ?' ಸುನೀತಾ ಹತ್ತಿರ ಹೋಗಿ ಬಗ್ಗಿ ಪಿಸುಗುಟ್ಟಿದಳು. 'ವೆಳ್ಳೈ ಪಡುದಲಾ?' ಎಂದು ತಂಗಮಣಿ ಹಜಾರಕ್ಕೆಲ್ಲ ಕೇಳುವಂತೆ ಅದನ್ನು ತಿರುಗಿಸಿದಳು. ಬಿಳಿ ಹೋಗುತ್ತಾ? ಮುದುಕ ಗೋಡೆಯ ಕಡೆಗೆ ನೋಡಿದ. 'ಮದುವೆ?' 'ಆಗಿಲ್ಲ.' 'ಆಗಿಲ್ವಾ?' ತಂಗಮಣಿ ತಲೆಯೆತ್ತಿ, ಸುನೀತಾಳ ನರೆತ ಬೈತಲೆಯಿಂದ ಹಿಡಿದು ಕಾಲುಂಗುರವಿಲ್ಲದ ಬೆರಳುಗಳ ತನಕ ಒಮ್ಮೆ ನೋಡಿದಳು. ಬೆಂಚಿನ ಹೆಂಗಸರೂ ಅದೇ ದಾರಿಯಲ್ಲಿ ನೋಡಿದರು. ಊರಿನ ಮೆಡಿಕಲ್ ಶಾಪಿನಲ್ಲೂ ಇದೇ ಆಗಿತ್ತು. ಅಲ್ಲಿ ಅವಳು ಪೂರ್ತಿ ಹೇಳುವ ಮುಂಚೆಯೇ ಹುಡುಗ ಮಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಕಳ್ಳಮಾಲಿನ ಹಾಗೆ ಕೈಗಿಟ್ಟಿದ್ದ. ಅವಳೂ ಕಳ್ಳಿಯ ಹಾಗೆ ಹಿಡಿದುಕೊಂಡು ಬಂದಿದ್ದಳು. ನುಂಗಿದಳು. ಹೆಚ್ಚಾಯಿತು. ಇನ್ನೊಂದು ಬಗೆಯದನ್ನು ಕೊಟ್ಟ. ಮತ್ತೂ ಹೆಚ್ಚಾಯಿತು. ಸೋಪು ಹಾಕಿ, ಉಪ್ಪುನೀರು ಹಾಕಿ ತೊಳೆದಳು, ಉರಿಯಿಂದ ಬಚ್ಚಲಲ್ಲಿ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು. ತಾನು ದನಿ ತಗ್ಗಿಸಿದಷ್ಟೂ ಇವರದು ಏರುತ್ತದೆ, ಹಾಗಾದರೆ ತಗ್ಗಿಸುವುದೇಕೆ? ಅವಳು ನೆಟ್ಟಗೆ ನಿಂತು, ಗಲ್ಲಾದಿಂದ ಅಡುಗೆಮನೆಗೆ 'ಎರಡು ಮುದ್ದೆ' ಎಂದು ಕೂಗುವ ದನಿಯಲ್ಲೇ ಹೇಳಿದಳು: 'ಮದುವೆ ಆಗಿಲ್ಲ. ನವೆ ಇದೆ. ಉಚ್ಚೆ ಹೊಯ್ದರೆ ಉರೀತದೆ. ಬಿಳೀದು ಹೋಯ್ತದೆ. ಇನ್ನೇನ್ ಬೇಕು?' ತಂಗಮಣಿ ಮುಂದೆ ಏನೂ ಕೇಳದೆ ಚೀಟಿ ಕೊಟ್ಟಳು. ಮಾದೇವಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

ಡಾಕ್ಟರ್ ಮಲರ್‌ಕೊಡಿ ಮೊದಲು ಮಾಡಿದ ಕೆಲಸವೆಂದರೆ ಮಾದೇವಿಯನ್ನು ಹೊರಗೆ ಕಳಿಸಿದ್ದು. 'ಮನೇಲಿ ಕೇಳ್ಕೊಂಡು ಬಾ ಅಂದವ್ರೆ' ಎಂದು ಮಾದೇವಿ ಬಾಗಿಲಲ್ಲಿ ನಿಂತಳು. 'ಮೈ ಯಾರದು?' ಎಂದರು ಡಾಕ್ಟರು. ಮಾದೇವಿ ಬಾಗಿಲು ಎಳೆದುಕೊಂಡಳು. ಡಾಕ್ಟರು ತಮಿಳಿನಲ್ಲೇ, ಅವಸರವಿಲ್ಲದೆ ಕೇಳತೊಡಗಿದರು. ಹೋಗುವುದು ನೀರಿನ ಹಾಗೋ ಗಟ್ಟಿಯಾಗೋ? 'ಮೊಸರು ಒಡೆದ ಹಾಗೆ' ಎಂದಳು ಸುನೀತಾ. ಹೇಳಿದ ಮೇಲೆ ಅದು ಎಷ್ಟು ಸರಿಯಾದ ಮಾತು ಎಂದು ಅವಳಿಗೇ ಆಶ್ಚರ್ಯವಾಯಿತು. ಬಣ್ಣ? ಬಿಳಿ. ಹಳದಿ, ಹಸಿರು, ನೊರೆನೊರೆ? ಇಲ್ಲ. ನವೆ ಹೆಚ್ಚೋ ವಾಸನೆ ಹೆಚ್ಚೋ? ನವೆ. ವಾಸನೆಯೇ ಇಲ್ಲವೋ? ಮೀನಿನ ವಾಸನೆಯಂಥದ್ದು? 'ಮೀನಿನ ವಾಸನೆ ನಂಗೊತ್ತು. ಅದಲ್ಲ' ಎಂದುಬಿಟ್ಟಳು. ಹಣೆಯ ವಿಭೂತಿ ಚುರುಗುಟ್ಟಿದ ಹಾಗಾಯಿತು. ಡಾಕ್ಟರ ಕಣ್ಣು ವಿಭೂತಿಯ ಕಡೆ ಹೋಗಲಿಲ್ಲ. 'ಗಂಡಸಿನ ಜೊತೆ ಇದ್ದೀರಾ? ಔಷಧಿ ಬರೆಯೋಕೆ ಬೇಕು, ಅದಕ್ಕೆ ಕೇಳ್ತಿದೀನಿ.' ಸುನೀತಾ ಮೇಜಿನ ಮೇಲಿನ ಹತ್ತಿಯ ಡಬ್ಬಿಯನ್ನು ನೋಡಿದಳು. ಇಲ್ಲ ಎನ್ನಬಹುದಿತ್ತು. ಇಲ್ಲ ಎನ್ನುವುದನ್ನು ಅವಳು ಇಷ್ಟು ವರ್ಷ ಉಡುವ ಸೀರೆಯ ಹಾಗೆ ಅಭ್ಯಾಸ ಮಾಡಿಕೊಂಡಿದ್ದಳು. 'ಇದ್ದೆ' ಎಂದಳು. ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಹೇಳುವ ಹೊತ್ತಿಗೆ ಅದು ಮುಗಿದ ಕಾಲದ ಮಾತಾಗಿತ್ತು. ನೋವಾದದ್ದು ಅದಕ್ಕೆ.

ಪರೀಕ್ಷೆಯ ಮಂಚದ ಮೇಲೆ ಮಲಗಿ ಅವಳು ಚಾವಣಿಯಲ್ಲಿ ಹಬ್ಬಿದ ಪಾಚಿಯ ಕಲೆಯನ್ನು ನೋಡುತ್ತಿದ್ದಳು. ತಣ್ಣನೆಯ ಉಪಕರಣ, ಡಾಕ್ಟರ ಬಿಸಿ ಕೈ. 'ಕೆರೆದು ಕೆರೆದು ಹುಣ್ಣು ಮಾಡಿಕೊಂಡಿದ್ದೀರಿ' ಎಂದಷ್ಟೇ ಅವರು ಅಂದರು. ಆ ಮಾತಿನಲ್ಲಿ ಬೈಗುಳ ಇರಲಿಲ್ಲ, ಕಾಲು ಉಳುಕಿದವರಿಗೆ ಹೇಳುವ ಹಾಗಿತ್ತು. ಹತ್ತಿಯ ಕಡ್ಡಿಯಲ್ಲಿ ತೆಗೆದದ್ದನ್ನು ಗಾಜಿನ ಮೇಲೆ ಸವರಿ ಪಕ್ಕದ ಕೋಣೆಗೆ ಒಯ್ದರು. ಕಾಯುವಾಗ ಸುನೀತಾ, ಸುರೇಂದ್ರನಿಂದಲೇ ಬಂದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿರುವುದನ್ನು ತಾನೇ ಕಂಡುಕೊಂಡಳು. ಅವನಿಂದ ಬಂದಿದ್ದರೆ ಪಂದಲೂರಿಗೆ ಹೋಗಿ ಆ ಗುಂಡಿ ಹಾಕಿಕೊಂಡ ಅಂಗಿಯ ಕಾಲರು ಹಿಡಿಯಬಹುದಿತ್ತು. ತಪ್ಪು ಯಾರ ಮೇಲಾದರೂ ಇರಬೇಕು, ತನ್ನ ಮೇಲಾದರೂ ಸರಿ, ಅವನ ಮೇಲಾದರೂ ಸರಿ. ಯಾರದೂ ಅಲ್ಲದ ನವೆಯನ್ನು ತಾಳುವುದು ಹೇಗೆ?

'ಇದು ಬೂಸಲಿನ ಜಾತಿ, ಫಂಗಸ್' ಎಂದರು ಡಾಕ್ಟರು ಬಂದು. 'ಎಲ್ಲರ ಮೈಯಲ್ಲೂ ಒಂದಿಷ್ಟು ಇರುತ್ತೆ, ಸಮಯ ನೋಡಿ ಹೆಚ್ಚುತ್ತೆ. ಮೊಸರಿನ ಹಾಗೆ ಗಟ್ಟಿ, ವಾಸನೆ ಇಲ್ಲ, ನವೆ ಪ್ರಾಣ ತೆಗೆಯುತ್ತೆ. ತೆಳ್ಳಗೆ ಬೂದುಬಣ್ಣಕ್ಕೆ ಹೋಗಿ ಮೀನಿನ ವಾಸನೆ ಬಂದರೆ ಅದು ಬೇರೆ, ಬ್ಯಾಕ್ಟೀರಿಯಾದ್ದು. ಅದರಲ್ಲಿ ನವೆ ಅಷ್ಟಿಲ್ಲ. ಹಳದಿ ಹಸಿರು ನೊರೆ ಬಂದು ಉರಿದರೆ ಅದು ಮೂರನೇದು. ಅದು ಮಾತ್ರ ಕೂಡಿದವರಿಂದ ಬರೋದು, ಅದಕ್ಕೆ ಇಬ್ಬರೂ ಮಾತ್ರೆ ತಗೋಬೇಕು. ಆದರೂ ಬರೀ ಕಣ್ಣಿಗೆ ಕಂಡದ್ದನ್ನ ನಂಬಬಾರದು, ಒಂದರ ಹಾಗೆ ಇನ್ನೊಂದು ಕಾಣುತ್ತೆ. ಪರೀಕ್ಷೆ ಮಾಡ್ಬೇಕು. ನಿಮ್ಮ ಅಂಗಡಿಯವನು ಮೂರಕ್ಕೂ ಕಣ್ಣುಮುಚ್ಚಿ ಕೊಟ್ಟಿದಾನೆ. ಆ ಮಾತ್ರೆಗಳು ಒಳ್ಳೆ ಕ್ರಿಮಿಗಳನ್ನ ಕೊಂದು ಇದಕ್ಕೆ ಜಾಗ ಬಿಟ್ಟುಕೊಟ್ಟವು.' ಸುನೀತಾ ಕೇಳಿದಳು, 'ಅವನಿಂದ ಬಂದಿದ್ದಲ್ವಾ?' 'ಅಲ್ಲ.' 'ನನ್ನಿಂದಲೂ ಅಲ್ಲ?' ಡಾಕ್ಟರು ಅವಳ ಮುಖವನ್ನು ಒಂದು ಕ್ಷಣ ನೋಡಿ, 'ನೀರು ಜಾಸ್ತಿ ಕುಡೀತೀರಾ? ತೆಳ್ಳಗಾಗಿದ್ದೀರಾ?' ಎಂದು ಕೇಳಿ, ಬೆರಳ ತುದಿಗೆ ಸೂಜಿ ಚುಚ್ಚಿದರು. ಪುಟ್ಟ ಯಂತ್ರ ಸದ್ದು ಮಾಡಿತು. ಸಕ್ಕರೆ ಕಾಯಿಲೆ; ಸಾಕಷ್ಟು ಏರಿದೆ. ಇದು ಮತ್ತೆ ಮತ್ತೆ ಬರುತ್ತಿರುವುದಕ್ಕೆ ದೊಡ್ಡ ಕಾರಣ ಅದೇ. ಒಳಗಿಡುವ ಮಾತ್ರೆ, ಹಚ್ಚುವ ಕ್ರೀಮು, ಸೋಪು ಬೇಡ, ಹತ್ತಿಯ ಬಟ್ಟೆ, ರಕ್ತಪರೀಕ್ಷೆಗೆ ಇನ್ನೊಮ್ಮೆ ಬರಬೇಕು. ಬರೆದುಕೊಟ್ಟು ಡಾಕ್ಟರು ಎದ್ದರು. 'ಹೊರಗಿದ್ದಾರಲ್ಲ, ಅವರನ್ನ ಕರೀತೀನಿ. ಸಕ್ಕರೆಯಿಂದ ಬಂದಿದ್ದು, ಬೇರೇನೂ ಅಲ್ಲ ಅಂತ ನಾನೇ ಹೇಳ್ತೀನಿ. ಮನೇಲಿ ನಿಮಗೆ ಸುಲಭ ಆಗುತ್ತೆ.'

ಆ 'ಬೇರೇನೂ ಅಲ್ಲ' ಎಂಬ ಮಾತು ಕೋಣೆಯಲ್ಲಿ ನಿಂತುಕೊಂಡಿತು. ಸುನೀತಾಳಿಗೆ ಕಂಡದ್ದು ಹೀಗೆ: ಮಾದೇವಿ ಅದನ್ನು ಮಸಿನಗುಡಿಗೆ ಒಯ್ಯುತ್ತಾಳೆ. ತಮ್ಮ ಮುಖವೆತ್ತಿ ನೋಡುತ್ತಾನೆ, ಅನ್ನ ಉಣ್ಣುತ್ತಾನೆ. ಸುದ್ದಿ ಹೇಗೋ ಪಂದಲೂರಿಗೂ ತಲುಪಿ ಪಿಕಪ್ ಮೆಸ್ಸಿನ ಮುಂದೆ ನಿಲ್ಲುತ್ತದೆ. ಎಲ್ಲರೂ ಅವಳನ್ನು ಕ್ಷಮಿಸುತ್ತಾರೆ, ಮಾಡದ ತಪ್ಪಿಗೆ. ಮೂರನೆಯದು ಬಂದಿದ್ದರೆ? ನೊರೆ ಬಂದಿದ್ದರೆ? ಆಗ ಇದೇ ಮೈ, ಇದೇ ಅವಳು, ಹಿತ್ತಲ ಬಾಗಿಲಿಂದ ಆಚೆ. 'ಮೇಡಂ, ಅವ್ಳಿಗೆ ಹೇಳ್ಬೇಡಿ.' 'ಯಾಕಮ್ಮಾ? ನಿಮ್ಮ ಒಳ್ಳೇದಕ್ಕೇ.' 'ಅದಕ್ಕೇ ಬ್ಯಾಡ. ನಂಗೆ ಇವರತ್ರ ಚೀಟಿ ತೋರ್ಸಿ ಒಳ್ಳೆಯವಳಾಗೋದು ಬ್ಯಾಡ.' ಡಾಕ್ಟರು ಅರ್ಥವಾದಂತೆ ತಲೆಯಾಡಿಸಲಿಲ್ಲ. ಅರ್ಥವಾಗದವರ ಹಾಗೂ ಕಾಣಲಿಲ್ಲ. ಮತ್ತೆ ಕೂತರು. 'ಸರಿ' ಎಂದರು.

ಇಳಿಯುವ ಬಸ್ಸಿನಲ್ಲಿ ಮಾದೇವಿ ತಲಕುಂದದ ತನಕ ತಡೆದುಕೊಂಡಳು. ಆಮೇಲೆ, 'ಏನಂದ್ರು ಅಕ್ಕ?' 'ಔಷಧಿ ಕೊಟ್ರು.' 'ಏನೇನ್ ಕೇಳಿದ್ರು ಅಷ್ಟೊತ್ತು?' 'ಬಣ್ಣ ಕೇಳಿದ್ರು. ನವೆ ಕೇಳಿದ್ರು. ಮೀನಿನ ವಾಸ್ನೆ ಬತ್ತದಾ ಅಂತ ಕೇಳಿದ್ರು.' ಮಾದೇವಿ ಕಿಟಕಿಯ ಸರಳು ಹಿಡಿದುಕೊಂಡಳು. ಒಂದು ತಿರುವು ಕಳೆಯಿತು. 'ಮೀನ್ ವಾಸ್ನೆ ಹೆಂಗಿರ್ತದೆ?' 'ಗೂಡಲೂರು ಮಾರ್ಕೆಟ್ಟಲ್ಲಿ ಮೂಗು ಮುಚ್ಕೊಂಡು ಓಡ್ತೀಯಲ್ಲ, ಅದು.' ಹಿಂದಿನ ಸೀಟಿನಲ್ಲಿ ಯಾರೋ ವಾಂತಿ ಮಾಡಿಕೊಂಡರು, ಕಂಡಕ್ಟರು ಬೈದ, ಗಲಾಟೆಯ ನಡುವೆ ಮಾದೇವಿಯ ಸಣ್ಣ ದನಿ ಬಂತು: 'ಹಂಗಾದ್ರೆ ನಂದು ಅದೇ ಕನಕ್ಕ. ನವೆ ಇಲ್ಲ. ನೀರ್‌ನೀರಾಗಿ ಹೋಯ್ತದೆ. ಮಗು ಆದಾಗ್ನಿಂದ. ನಿಮ್ ತಮ್ಮ ಗೋಡೆ ಕಡೆ ತಿರುಗಿ ಮಲಗ್ತಾರೆ. ಒಂದಿನ ಅಂದ್ರು, ನಿನ್ನತ್ರ ಸತ್ತ ಇಲಿ ನಾತ ಅಂತ.' ಅವಳು ಅಳುತ್ತಿರಲಿಲ್ಲ. ಸುನೀತಾಳ ಗಂಟಲಿಗೆ ಒಂದು ಮಾತು ಬಂದು ನಿಂತಿತು. ಹಿಟ್ಟಿನ ಪಾತ್ರೆ ಎಳೆದುಕೊಂಡ ಕೈ, ಒಳಬಟ್ಟೆ ಎತ್ತಿ ನೋಡಿದ ಕೈ ಈಗ ಸರಳನ್ನು ಹಿಡಿದಿತ್ತು. 'ನೀನು ಯಾರ ಜೊತೆ ಮಲಗಿದ್ದೆ?' ಎಂದು ಕೇಳಿಬಿಡಬೇಕು. ಈ ವಾರಗಳಲ್ಲಿ ಮನೆಯವರ ಕಣ್ಣಲ್ಲಿ ತಾನು ಕೇಳಿಸಿಕೊಂಡ ಮಾತು ಅದೇ ತಾನೆ. ಕೇಳಿದರೆ ಎಷ್ಟು ಹಗುರವಾಗುತ್ತಿತ್ತು. ಬಾಯಿಯ ತನಕ ಬಂದದ್ದನ್ನು ಅವಳು ನುಂಗಿದಳು. ನುಂಗಿದ್ದಕ್ಕೆ ಮಾದೇವಿಯ ಮೇಲೆ ಇನ್ನಷ್ಟು ಸಿಟ್ಟು ಬಂತು. 'ಅದಕ್ಕೆ ಬೇರೆ ಮಾತ್ರೆ ಐತಂತೆ' ಎಂದಳು ಒರಟಾಗಿ. 'ನಂದು ನಿಂಗೆ ಕೊಟ್ರೆ ಆಗಲ್ಲ. ನಾನು ಮತ್ತೆ ಹೋಗ್ಬೇಕು. ಜೊತೆಗೆ ಬಾ. ನಿನ್ ಗಂಡ ಏನೋ ಅಂತಾನೆ ಅಂತ ಮನೇಲಿ ಸತ್ತ ಇಲಿ ಹುಡುಕ್ಕೊಂಡು ಕೂರ್ಬೇಡ.' ಮಾದೇವಿ ನಗಬೇಕೋ ಬೇಡವೋ ತಿಳಿಯದೆ ನಕ್ಕಳು. ಈ ಸಲ ಬಸ್ಸು ಹೊರಳಿದಾಗ ಅವಳು ಸರಿದುಕೊಳ್ಳಲಿಲ್ಲ.

ಸಂಜೆಯ ಗಿರಾಕಿಗಳು ಇನ್ನೂ ಬಂದಿರಲಿಲ್ಲ. ನಂಜುಂಡೇಶ ಮೇಜು ಒರೆಸುತ್ತಿದ್ದವನು ಬಟ್ಟೆ ಹಿಡಿದುಕೊಂಡೇ ನಿಂತ. 'ಏನಂದ್ರು?' ಕೇಳಿದ್ದು ಹೆಂಡತಿಯನ್ನು. 'ನನ್ನ ಈಚೆ ಕಳಿಸ್ಬುಟ್ರು' ಎಂದಳು ಮಾದೇವಿ. 'ನಂಗೇನೂ ಗೊತ್ತಿಲ್ಲ.' 'ಈಚೆ ಕಳಿಸಿದ್ರೆ ಬಂದ್‌ಬುಡೋದಾ? ಅಕ್ಕ, ನೀನೇ ಹೇಳು. ಯಾತರಿಂದ ಬಂತಂತೆ?' 'ಔಷಧಿ ಕೊಟ್ಟವ್ರೆ. ಹೋಯ್ತದೆ.' 'ನಾ ಕೇಳಿದ್ದು ಯಾತರಿಂದ ಬಂತು ಅಂತ. ಊರವರ ಬಾಯಿಗೆ ಬೀಳೋ ಮುಂಚೆ ಮನೆಯವರಿಗೆ ಗೊತ್ತಾಗ್ಬೇಕಲ್ವಾ?' ಅಡುಗೆಮನೆಯ ಹೊಸಿಲಿನಲ್ಲಿ ಸೊಪ್ಪು ಬಿಡಿಸುತ್ತಿದ್ದ ಲಿಂಗಾಜಮ್ಮ ಎದ್ದು ಬಂದು ಮಗಳ ಕೈ ಹಿಡಿದಳು. ಬೆರಳ ತುದಿಗೆ ಅಂಟಿಸಿದ ಹತ್ತಿಯನ್ನು ತಿರುಗಿಸಿ ನೋಡಿದಳು. ತೀರಿಹೋದ ಗಂಡ ರಾಚಯ್ಯನ ಬೆರಳುಗಳನ್ನು ಅವಳು ವರ್ಷಗಟ್ಟಲೆ ಹೀಗೆ ನೋಡಿದ್ದಳು. 'ಸಕ್ಕರೆ ನೋಡಿದ್ರಾ?' ಮುದುಕಿಗೆ ಉತ್ತರ ಬೇಕಿರಲಿಲ್ಲ. 'ಸಕ್ಕರೆ ಕನೋ, ನಂಜುಂಡ! ಚೊಂಬುಗಟ್ಲೆ ನೀರು ಕುಡೀತಿದ್ಲು, ನಂಗ್ಯಾಕೆ ಹೊಳೀಲಿಲ್ಲ. ನಿಮ್ ಸೋದರತ್ತೆಗೂ ಸಕ್ಕರೆಗೇ ಅಲ್ಲೆಲ್ಲ ನವೆ ಬಂದಿತ್ತು. ಬರೀ ಸಕ್ಕರೆ ಕನೋ. ನನ್ ಕೂಸು ಅಂಥದ್ದೇನೂ ಮಾಡಿಲ್ಲ.'

ತಮ್ಮನ ಮುಖ ಸಡಿಲವಾದದ್ದನ್ನು ಸುನೀತಾ ನೋಡಿದಳು. ಚಿಕ್ಕವನಿದ್ದಾಗ ಕಳೆದ ಚಪ್ಪಲಿ ಸಿಕ್ಕಿದರೆ ಅವನ ಮುಖ ಹೀಗೇ ಆಗುತ್ತಿತ್ತು. 'ಹಂಗಂತ ಮೊದ್ಲೇ ಹೇಳ್ಬಾರ್ದಾ ಅಕ್ಕ?' ಅವನು ನಕ್ಕೂಬಿಟ್ಟ, ಎಷ್ಟೋ ದಿನಗಳ ಮೇಲೆ ಅವಳ ಮುಖ ನೋಡಿದ. ಆ ನೋಟ ಅವಳಿಗೆ ಬೇಕಾಗಿತ್ತು. ಅದು ಎಷ್ಟು ಬೇಕಾಗಿತ್ತು ಎಂಬುದು ಸಿಕ್ಕಾಗ ಗೊತ್ತಾಯಿತು. ಸುಮ್ಮನಿದ್ದರೆ ಸಾಕು, ಏನೂ ಮಾಡಬೇಕಿಲ್ಲ. ಅವ್ವ ಕೊಟ್ಟ ಸುಳ್ಳಲ್ಲದ ಸುಳ್ಳು ಮೈಮೇಲೆ ಕಂಬಳಿಯ ಹಾಗೆ ಬಿದ್ದಿತ್ತು, ಬೆಚ್ಚಗೆ. ಅಂಥದ್ದೇನೂ. ಪಂದಲೂರಿನ ಮಧ್ಯಾಹ್ನಗಳು, ಬಾಗಿಲಿಗೊರಗಿ ನಿಂತು ನಕ್ಕ ನಗು, ಮೈ ತನ್ನದೆಂದು ಮೊದಲ ಸಲ ತಿಳಿದ ಗಳಿಗೆ, ಎಲ್ಲ ಸೇರಿ ಅಂಥದ್ದೇನೂ. ಆಮೇಲೆ ಅವನು ಕೆಟ್ಟದಾಗಿ ನಡೆದುಕೊಂಡ, ನಿಜ. ಅದರಿಂದ ಆ ಮಧ್ಯಾಹ್ನಗಳು ನಡೆಯದೆ ಹೋಗುವುದಿಲ್ಲ.

'ಸಕ್ಕರೆ ಹೌದು' ಎಂದಳು ಸುನೀತಾ. ದನಿ ನಡುಗುತ್ತಿತ್ತು, ನಡುಗಲಿ ಎಂದು ಬಿಟ್ಟಳು. 'ಗಂಡಸೂ ಹೌದು. ಒಬ್ಬ ಇದ್ದ. ಅದಕ್ಕೂ ಈ ನವೆಗೂ ಸಂಬಂಧ ಇಲ್ಲ ಅಂದ್ರು ಡಾಕ್ಟ್ರು. ನಿಂಗೂ ಇಲ್ಲ.'

ಬೀದಿಯಲ್ಲಿ ಒಂದು ಜೀಪು ಹಾರನ್ ಹಾಕುತ್ತ ಹೋಯಿತು. ನಂಜುಂಡೇಶನ ಕೈಯ ಒದ್ದೆಬಟ್ಟೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. 'ಯಾರವ್ನು?' ಎಂದ. 'ಈಗಿಲ್ಲ. ಇದ್ದಿದ್ರೂ ಹೆಸ್ರು ಹೇಳ್ತಿರ್ಲಿಲ್ಲ.' 'ನಾಚ್ಕೆ ಆಗಲ್ವಾ ನಿಂಗೆ?' ಅವಳು ನಿಜವಾಗಿಯೂ ಯೋಚಿಸಿದಳು. 'ಆಯ್ತಿತ್ತು. ಇಷ್ಟ್ ದಿನ ಅದೇ ಆಯ್ತಿತ್ತು. ನಿಂಗೆ ಆಯ್ತದಾ? ಹೆಂಡ್ತಿಗೆ ಕಾಯಿಲೆ ಅಂತ ತಿಳೀದೆ ಗೋಡೆ ಕಡೆ ತಿರುಗಿ ಮಲಗ್ತೀಯಲ್ಲ.' ಮಾದೇವಿ ಉಸಿರು ಎಳೆದುಕೊಂಡಳು. ನಂಜುಂಡೇಶ ಹೆಂಡತಿಯನ್ನು ನೋಡಿದ, ಅವ್ವನನ್ನು ನೋಡಿದ. ಮೂರು ಹೆಂಗಸರಲ್ಲಿ ಒಬ್ಬರೂ ತಲೆ ತಗ್ಗಿಸಲಿಲ್ಲ. ಬಟ್ಟೆಯನ್ನು ಮೇಜಿನ ಮೇಲೆ ಎಸೆದು, ಚಪ್ಪಲಿ ಮೆಟ್ಟಿ, ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಮಗಳ ಬೆರಳು ಇನ್ನೂ ಲಿಂಗಾಜಮ್ಮನ ಕೈಯಲ್ಲಿತ್ತು; ಅದನ್ನು ಬಿಡಬೇಕೋ ಹಿಡಿದಿರಬೇಕೋ ತೋಚದವಳ ಹಾಗೆ ಹಿಡಿದಿದ್ದಳು. ಸುನೀತಾಳಿಗೆ ನವೆ ಮತ್ತೆ ಶುರುವಾಯಿತು, ಮೊದಲಿನಷ್ಟೇ ಬಲವಾಗಿ. ಬೆಳಿಗ್ಗೆಯಿಂದ ಆಡಿದ ಯಾವ ಮಾತಿಗೂ ಅದು ಅಂಜಿರಲಿಲ್ಲ. ಅವಳು ಕಾಲಿಗೆ ಕಾಲು ಒತ್ತಿಕೊಳ್ಳದೆ ನಿಂತಳು. ಕೊನೆಗೆ ಅವ್ವ ಕೈ ಬಿಟ್ಟು ಒಳಗೆ ಹೋದಳು, ಸ್ಟೋವಿನ ಸದ್ದಾಯಿತು, ಲೋಟದಲ್ಲಿ ಕಾಫಿ ತಂದು ರಸ್ತೆಗೆ ಕಾಣುವ ಮೇಜಿನ ಮೇಲೆ ಇಟ್ಟಳು. ಸುನೀತಾ ಕೂತು ಒಂದು ಗುಟುಕು ಕುಡಿದು ಮುಖ ಕಿವುಚಿದಳು.

'ಸಕ್ಕರೆ ಹಾಕಿಲ್ಲ' ಎಂದಳು ಅವ್ವ, ಎದುರಿಗೆ ಕೂರುತ್ತ. 'ನಿಮ್ಮಪ್ಪನೂ ಮೊದಲ್ನೇ ದಿನ ಹಿಂಗೇ ಮುಖ ಮಾಡಿದ್ರು. ಅಭ್ಯಾಸ ಆಯ್ತದೆ.'

'ಯಾರ್ಗೆ?' ಎಂದಳು ಸುನೀತಾ.

ಅವ್ವ ಬಸ್‌ಸ್ಟ್ಯಾಂಡಿನ ಕಡೆ ನೋಡಿದಳು. ಅಲ್ಲಿ ನಂಜುಂಡೇಶ ಯಾವ ಬಸ್ಸನ್ನೂ ಹತ್ತದೆ ಬೆನ್ನು ತಿರುಗಿಸಿ ನಿಂತಿದ್ದ.

'ಎಲ್ಲಾರ್ಗೂ' ಎಂದಳು. 'ಕುಡಿ, ಆರೋಯ್ತದೆ.'